ಕೈಯೆತ್ತಿ ಮುಚ್ಚಿಸಿದ ಪುಟ

ತುಟಿ ಬಿಚ್ಚದ ಮಗುವನ್ನು ದಡ್ಡರ ಸಾಲಿಗೆ ತಳ್ಳುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು? ನನಗೂ ಯಾರೂ ಕೊಟ್ಟಿರಲಿಲ್ಲ, ಆದರೂ ತಳ್ಳಿದ್ದೆ.

ನಾನು ಭಾಷೆಯ ಮೇಷ್ಟ್ರು. ನಮ್ಮ ಏಳನೆಯ ತರಗತಿಯ ಕೊನೆಯ ಬೆಂಚಿನ ಹುಡುಗಿಗೆ ಉಗ್ಗು. ಶಿಕ್ಷಕರ ಕೊಠಡಿಯಲ್ಲಿ ನಾವು ಅವಳಿಗಿಟ್ಟ ಹೆಸರು ಮೌನಗೌರಿ.

ಹೊಸದಾಗಿ ಬಂದ ವಿಜ್ಞಾನದ ಮೇಡಂ ಅಂತರ್ಜಾಲದಲ್ಲಿ ಒಂದು ಪುಟ ತೆರೆದರು. ಪಾಠದ ನಡುವೆಯೇ ಮಕ್ಕಳು ಶಾಲೆಯ ಟ್ಯಾಬಿನಲ್ಲಿ ಪ್ರಶ್ನೆ ಬರೆದರೆ ಅದು ಹೆಸರಿಲ್ಲದೆ ಗೋಡೆಯ ಪರದೆಯ ಮೇಲೆ ಮೂಡುತ್ತಿತ್ತು. ಮೇಡಂ ಅಲ್ಲೇ ಉತ್ತರಿಸುತ್ತಿದ್ದರು.

“ಮೇಡಂ, ನಿಮ್ಮ ಕ್ಲಾಸಲ್ಲಿ ಪಾಠ ಮಾಡೋದು ನೀವೋ, ಗೋಡೆಯೋ?” ಎಂದರು ಗಣಿತದ ಮೇಷ್ಟ್ರು.

“ಗೋಡೆ ಆದ್ರೂ ಮಕ್ಕಳ ಮಾತು ಕೇಳಿಸ್ಕೊಳ್ಳುತ್ತಲ್ಲ ಸರ್.”

ನಾವು ನಕ್ಕೆವು. ಒಬ್ಬರೂ ಆ ಪುಟವನ್ನು ತೆರೆದು ನೋಡಲಿಲ್ಲ. ತಿಂಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು, “ಈ ಆಟ ಬೇಡ ಅನ್ನೋರು ಕೈ ಎತ್ತಿ” ಎಂದರು. ಹನ್ನೊಂದು ಕೈಗಳು ಎದ್ದವು. ಒಂದು ನನ್ನದು.

ಕಂಪ್ಯೂಟರ್ ಕೋಣೆಯ ಹೊಣೆ ನನ್ನದಾದ್ದರಿಂದ ಪುಟವನ್ನು ಅಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಅಳಿಸುವ ಮುನ್ನ ಓದಿದೆ. ಶಿಕ್ಷಕರಿಗೆ ಮಾತ್ರ ಕಾಣುವ ಪಟ್ಟಿಯಲ್ಲಿ ಬರೆದವರ ಹೆಸರುಗಳಿದ್ದವು. ಅರವತ್ತು ಪ್ರಶ್ನೆಗಳಲ್ಲಿ ನಲವತ್ತೊಂದು ಆ ಹುಡುಗಿಯವು. ಕೊನೆಯದು ಹೀಗಿತ್ತು: “ಕಪ್ಪು ಬಟ್ಟೆ ಬೆಳಕನ್ನ ನುಂಗುತ್ತೆ ಅಂದ್ರಲ್ಲ ಮಿಸ್, ನುಂಗಿದ ಬೆಳಕು ಆಮೇಲೆ ಎಲ್ಲಿಗೆ ಹೋಗುತ್ತೆ?”

ಒಂದೇ ಉಸಿರಿಗೆ ಓಡಿ ಮುಖ್ಯೋಪಾಧ್ಯಾಯರಿಗೆ ತೋರಿಸಿದೆ.

“ಅಷ್ಟು ಜಾಣೆ ಆಗಿದ್ರೆ ಬಾಯಿಬಿಟ್ಟು ಕೇಳಲಿ ಬಿಡಿ ಮೇಷ್ಟ್ರೇ. ತೀರ್ಮಾನ ಆಗೋಯ್ತು.”

ಎದುರಾಡುವ ಕೆಚ್ಚು ನನ್ನಲ್ಲಿರಲಿಲ್ಲ. ಹಿಂತಿರುಗಿ ಅಳಿಸಿದೆ.

ಮರುದಿನ ವಿಜ್ಞಾನದ ಪಾಠದ ನಡುವೆ ಮುಖ್ಯೋಪಾಧ್ಯಾಯರೇ ತರಗತಿಗೆ ಬಂದು ಅವಳನ್ನು ಎಬ್ಬಿಸಿ ನಿಲ್ಲಿಸಿದರು. “ಕೇಳಮ್ಮ, ಏನು ನಿನ್ನ ಡೌಟು?”

“ಬೆ... ಬೆ...”

ಪಕ್ಕದ ಸಾಲಿನಿಂದ ಯಾರೋ ಕುರಿಯಂತೆ ಅರಚಿದರು. ತರಗತಿಯೆಲ್ಲ ನಕ್ಕಿತು. ಮೇಡಂ ಗದರುವಷ್ಟರಲ್ಲಿ ಅವಳು ಕೂತಾಗಿತ್ತು. ಆಮೇಲೆ ಯಾರು ಏನು ಕೇಳಿದರೂ ತಲೆ ಮಾತ್ರ ಅಡ್ಡಡ್ಡ ಆಡುತ್ತಿತ್ತು.

ವರ್ಷದ ಕೊನೆಗೆ ಅವಳ ತಂದೆ ಟಿ.ಸಿ. ಕೇಳಲು ಬಂದರು. “ಮನೇಲಿ ತಡವರಿಸ್ಕೊಂಡೇ ಏನಾದ್ರೂ ಕೇಳ್ತಾ ಇರ್ತಿದ್ಲು ಸರ್. ಈಗ ಅದೂ ನಿಂತೋಗಿದೆ. ಇಲ್ಲಿ ಏನಾದ್ರೂ ಆಯ್ತಾ?”

“ಏನಿಲ್ಲ” ಎಂದೆ. ಕಲಿಸುವವನು ಆಡಬಾರದ ಸುಳ್ಳು ಅದು.

ಶಿಕ್ಷಕಬಂಧುಗಳೇ, ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಆಮೇಲಿರಲಿ. ನಿಮ್ಮ ಶಾಲೆಯಲ್ಲೂ ಅಂಥದೊಂದು ಪುಟವಿದ್ದರೆ, ದಯವಿಟ್ಟು ನಾಳೆಯೇ ತೆರೆದು ಪ್ರತಿಯೊಂದು ಸಾಲನ್ನೂ ಓದಿ. ಓದಿ ಮುಗಿಯುವ ತನಕ ಯಾರು ಹೇಳಿದರೂ ಅಳಿಸಬೇಡಿ.