ಗೋಡೆಯಾಚೆ ಒಂದು ಮೊಳ

ನೀರು ಇನ್ನೂ ಚುರುಕ್ಕೆನ್ನುತ್ತಿದೆ, ಒಂದು ಚೊಂಬು ತಣ್ಣೀರು ಬೆರೆಸಬೇಕು, ಆರೋಗ್ಯಮ್ಮ ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿದಳು, ಹಾಂ, ಈಗ ಸರಿ, ಬಚ್ಚಲ ಗೋಡೆಗೆ ಬೆನ್ನು ಕೊಟ್ಟು ಚಾಚಿದ ಎರಡು ಕಾಲಿನ ಮೇಲೆ ಮೊಮ್ಮಗಳು, ನಲವತ್ತು ದಿನದ ಕೂಸು, ಅಳುವುದಕ್ಕೂ ತ್ರಾಣವಿಲ್ಲ, ತುಟಿಯ ಅಂಚಿನಲ್ಲಿ ನೀಲಿ, ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಈ ಹಿಡಿಯಷ್ಟು ಎದೆ ಸೀಳಿ ಹೃದಯದ ತೂತು ಮುಚ್ಚುತ್ತಾರಂತೆ, ಏನೂ ಹೇಳಕ್ಕಾಗಲ್ಲ ಅಂದರಂತೆ ಡಾಕ್ಟರು, ಇನ್ನೂ ಜ್ಞಾನಸ್ನಾನ ಆಗಿಲ್ಲ, ದೇವರ ಹೆಸರಲ್ಲಿ ಹಣೆಗೆ ನೀರು ಬಿದ್ದಿಲ್ಲ. ಯಾಕಾಗಿಲ್ಲ, ಹಜಾರದಲ್ಲಿ ಕೂತಿದ್ದಾನಲ್ಲ ಅಳಿಯ ಅಂಬರೀಶ, ಮಹಾ ಪಂಡಿತ, ಮೊಬೈಲಿನಲ್ಲಿ ಬೈಬಲ್ ಉಜ್ಜಿಕೊಂಡು — ಅತ್ತೆ, ಕೂಸಿಗೆ ಸ್ನಾನ ಕೊಡಿ ಅಂತ ಬೈಬಲ್‌ನಲ್ಲಿ ಎಲ್ಲಿದೆ ತೋರ್ಸಿ, ದೊಡ್ಡೋಳಾಗ್ಲಿ, ತಾನೇ ನಂಬ್ಲಿ, ಆಮೇಲೆ ಮುಳುಗ್ಲಿ. ದೊಡ್ಡವಳಾಗಲಿ! ಆದರೆ ತಾನೆ, ಮುಂಡೇದೇ. ಸಮೇತನಹಳ್ಳಿಯಿಂದ ಹೊಸಕೋಟೆ ರಸ್ತೆಯ ಯಾವುದೋ ಶೆಡ್ಡಿಗೆ ಪ್ರಾರ್ಥನೆಗೆ ಹೋಗಿ ಯೇಸುವನ್ನು ಕಂಡುಕೊಂಡು ನಾಲ್ಕು ವರ್ಷ ಆಗಿದೆ, ಏಳು ತಲೆಮಾರಿನಿಂದ ಜಪಸರ ಹಿಡಿದ ಮನೆಗೆ ಬಂದು ಪಾಠ ಹೇಳುತ್ತಾನೆ, ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಮರಿಯಮ್ಮನವರ ಪಟಕ್ಕೆ ಹೂ ಮುಡಿಸಿದರೆ ಎಲ್ಲಿದೆ, ಸತ್ತವರಿಗೆ ಪೂಜೆ ಹೇಳಿಸಿದರೆ ಎಲ್ಲಿದೆ, ಮೊನ್ನೆ ಸಾರಿಗೆ ಕೊತ್ತಂಬರಿ ಹಾಕುವಾಗ ಇದೆಲ್ಲಿದೆ ಅಂತಾನೂ ಕೇಳ್ಬಿಡಪ್ಪಾ ಅಂದಿದ್ದಳು, ನಕ್ಕಿರಲಿಲ್ಲ, ನಗುವುದಕ್ಕೂ ವಚನ ಬೇಕೋ ಏನೋ. ಅವನ ಪಕ್ಕದಲ್ಲಿ ಗೋಣು ಆಡಿಸುತ್ತಾ ಮಗಳು ಜೆಸಿಂತ — ಅಮ್ಮಾ, ನೀನೇನಾದ್ರೂ ಕದ್ದುಮುಚ್ಚಿ ನೀರು ಹುಯ್ದೆ ಅಂದ್ರೆ ನಾನು ಮತ್ತೆ ಈ ಹೊಸ್ಲು ತುಳಿಯಲ್ಲ, ಮೊಮ್ಮಗಳ ಮುಖಾನೂ ತೋರ್ಸಲ್ಲ. ಉಪದೇಶಿಯ ಮಗಳಂತೆ ಮಗಳು, ಥೂ.

ಉಪದೇಶಿ ಇನ್ನಾಸಪ್ಪ, ಅವಳ ಗಂಡ, ಊರಿನ ಚರ್ಚಿನಲ್ಲಿ ಮೂವತ್ತು ವರ್ಷ ಧರ್ಮಬೋಧೆ ಹೇಳಿ ಮಣ್ಣಾಗಿ ಒಂಬತ್ತು ವರ್ಷ, ಇದ್ದಿದ್ದರೆ ಈ ಅಳಿಯನ ನೀರಿಳಿಸುತ್ತಿದ್ದ — ಪುಸ್ತಕ ಬರೋಕೆ ಮುಂಚೆ ಧರ್ಮಸಭೆ ಇತ್ತು ಕಣಯ್ಯಾ, ಯಾವ ಪುಸ್ತಕ ಒಳಗೆ ಯಾವುದು ಹೊರಗೆ ಅಂತ ಆರಿಸ್ದೋರು ಯಾರು, ಪರಿವಿಡಿ ಏನು ಆಕಾಶದಿಂದ ಉದುರ್ತಾ, ಯೇಸು ಕಳಿಸಿದ ಪ್ರೇಷಿತರು ಬಾಯಿಂದ ಬಾಯಿಗೆ ಕೊಟ್ಟಿದ್ದೂ ದೇವರ ಮಾತೇ. ಬಾಯಿ, ಅವನದೂ ಬರೀ ಬಾಯಿ. ಸಾಯುವ ಕೂಸಿಗೆ ಯಾರು ಬೇಕಾದರೂ ನೀರು ಹುಯ್ಯಬಹುದು, ಹೆಸರು ಹಿಡಿದು ಮೂರು ಸಲ, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ, ಅಷ್ಟೇ, ಸೂಲಗಿತ್ತಿ ಮುನಿಲಕ್ಷ್ಮಮ್ಮನಿಗೂ ಬಾಯಿಪಾಠ ಮಾಡಿಸಿದ್ದ, ಕಂಡವರ ಮನೆಯ ಎಷ್ಟು ಕೂಸಿಗೆ ತಾನೇ ಹುಯ್ದಿದ್ದ, ಆದರೆ ತನ್ನ ಚೊಚ್ಚಲ ಮಗ ಕೋಳಿಮರಿಯ ಹಾಗೆ ಏದುಸಿರು ಬಿಡುತ್ತಿರುವಾಗ — ರೀ, ನೀರು ಹುಯ್ರೀ — ಇರು ಕಣೇ, ಉಪದೇಶಿ ಮಗನಿಗೆ ಬಚ್ಚಲಲ್ಲಿ ಮಾಡಿ ಮುಗಿಸಿದ್ರು ಅಂತ ಜನ ಆಡ್ಕೊಳಲ್ವಾ, ಚರ್ಚಿನ ಸ್ವಾಮಿಗಳಿಗೆ ಹೇಳಿಕಳ್ಸಿದೀನಿ, ದೊಡ್ಡಬಳ್ಳಾಪುರದಿಂದ ಬರ್ತಾರೆ, ಎಣ್ಣೆ, ಮೇಣದಬತ್ತಿ, ಎಲ್ಲಾ ಕ್ರಮವಾಗಿ ಆಗ್ಲಿ. ಕ್ರಮವಾಗಿ! ಸ್ವಾಮಿಗಳ ಬೈಕಿನ ಸದ್ದು ಕೇಳುವ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಜ್ಞಾನಸ್ನಾನ ಆಗದ್ದಕ್ಕೆ ಸ್ಮಶಾನದ ಒಳಗೆ ಜಾಗವಿಲ್ಲ, ಅದು ಸಂಪ್ರದಾಯ, ಹಾಗಂದವನೂ ಅವನೇ, ತಾನು ಹಸಿ ಬಾಣಂತಿ, ಯಾರು ತಡೆದರೂ ಕೇಳದೆ ಅವನ ಹಿಂದೆ ಹೋಗಿದ್ದಳು, ಗೋಡೆಯಾಚೆ ಅವನು ಲಂಟಾನದ ಪೊದೆ ಸವರಿ, ಗುದ್ದಲಿ ಕೆಳಗಿಟ್ಟು, ಮಣ್ಣಿನ ಮೇಲೆ ಕೈ ಒತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದ, ಒಂದು ಮೊಳ ಸಾಕು ಅಂದ. ಇಪ್ಪತ್ತೈದು ವರ್ಷ ಕಳೆದು ಇನ್ನೊಬ್ಬ ಸ್ವಾಮಿಗಳು, ಮೀಸೆ ಚಿಗುರದ ವಯಸ್ಸು, ಭಾನುವಾರದ ಪ್ರಸಂಗದಲ್ಲಿ — ಅಂಥ ಕೂಸುಗಳು ಸ್ವರ್ಗದ ಹೊರಗೇ ಉಳೀತವೆ ಅನ್ನೋದು ವಿಶ್ವಾಸದ ಕಟ್ಟಳೆ ಅಲ್ಲ, ಹಿಂದಿನ ಪಂಡಿತರ ಊಹೆ, ದೇವರ ಕರುಣೆಗೆ ಒಪ್ಪಿಸೋಣ. ಊಹೆಯಂತೆ! ಮನೆಗೆ ಬಂದವಳೇ ಕೇಳಿದಳು, ರೀ, ಹಂಗಾದ್ರೆ ನನ್ನ ಕೂಸನ್ನ ಒಳಕ್ಕೆ ತರ್ತೀರಾ, ಇನ್ನಾಸಪ್ಪ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಲೇ ಇದ್ದ, ಅದೇ ಕೈ, ಮೊಣಕೈಯಿಂದ ಬೆರಳ ತುದಿಯವರೆಗೆ ಅದೇ. ಇವನಿಗೆ ಪುಸ್ತಕ, ಅವನಿಗೆ ಸಂಪ್ರದಾಯ, ಇಬ್ಬರಿಗೂ ಗೆಲ್ಲಬೇಕು ಅಷ್ಟೇ, ಕೂಸು ಯಾರಿಗೆ ಬೇಕು. ಮತ್ತೆ ನೀನು, ಆರೋಗ್ಯಮ್ಮ, ನೀನೇನು ಕಡಿದು ಕಟ್ಟೆ ಹಾಕಿದೆ, ಆ ಮೂರು ಹೆಸರು ನಿನಗೂ ಗೊತ್ತಿತ್ತು, ಕೈಗೆಟುಕುವಲ್ಲಿ ನೀರಿತ್ತು, ಗಂಡ ಬೇಡ ಅಂದ ಅಂತ ಬಾಯಿ ಹೊಲಿದುಕೊಂಡು ಬಿದ್ದಿದ್ದೆಯಲ್ಲ, ನಾಚಿಕೆಗೆಟ್ಟವಳೇ.

ಅತ್ತೆ, ಆಯ್ತಾ, ಕಾರು ಬಂತು — ಬಂದರೆ ನಿಂತಿರಲಿ. ಜೆಸಿಂತ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ, ಬಚ್ಚಲಲ್ಲಿ ನೀರು ಹುಯ್ದರೆ ಯಾರಿಗೆ ಅನುಮಾನ, ಗೊತ್ತಾದರೂ ಆಗಲಿ, ಹೊಸಲು ತುಳಿಯದಿದ್ದರೆ ಬೇಡ, ಈ ಮುಖ ಮತ್ತೆ ನೋಡದೆಯೇ ಸಾಯುತ್ತೇನೆ, ಊಹೆಯೋ ನಿಜವೋ ದೇವರೇ ಬಲ್ಲ, ಇನ್ನೊಂದು ಕೂಸನ್ನು ಹೊರಗೆ ಬಿಡಲಾರೆ. ಹೆಸರು ಹಿಡಿಯಬೇಕು, ತಬಿಥಾ ಅಂತೆ, ಅವನ ಮೊಬೈಲಿನಿಂದ ಹೆಕ್ಕಿದ್ದು, ಅದೇ ಇರಲಿ, ತಬಿಥಾ, ತಬಿಥಾ, ನಾಲಿಗೆ ಹೊರಳಿಸಿಕೊಂಡಳು, ಎಡಗೈ ಕೂಸಿನ ತಲೆಯಡಿ, ಚೊಂಬು ಬಾಗಿತು, ಹಣೆಯ ಮೇಲೆ ನೀರು, ಪಿತನ, ಕೂಸು ಕಣ್ಣು ಪಿಳುಕಿಸಿತು, ಸುತನ, ಕಿವಿಯ ಪಕ್ಕದಿಂದ ಹರಿದು ಅವಳ ಕಾಲಿಗೆ ಬೆಚ್ಚಗೆ, ಪವಿತ್ರಾತ್ಮರ ಹೆಸರಿನಲ್ಲಿ, ಆಯಿತು, ಆಗೇ ಹೋಯಿತು — ಏನಂದೆ ನಾನು, ಮೊದಲಿಗೆ ಬಾಯಿಂದ ಬಂದದ್ದು ತಬಿಥಾ ಅಲ್ಲ. ಚೌರಪ್ಪಾ ಅಂದಿದ್ದಳು. ಹೊಟ್ಟೆಯಲ್ಲಿರುವಾಗಲೇ ಮಗನಿಗೆಂದು ಇಟ್ಟುಕೊಂಡ ಹೆಸರು, ಗಂಡನಿಗೂ ಹೇಳದ್ದು, ನಲವತ್ತೊಂದು ವರ್ಷ ಯಾರೆದುರೂ ಆಡದ್ದು, ಅಯ್ಯೋ ದೇವರೇ, ಈಗ ಯಾರಿಗಾಯಿತು ಸ್ನಾನ, ಕಾಲ ಮೇಲಿರುವವಳಿಗೋ ಮಣ್ಣಲ್ಲಿರುವವನಿಗೋ, ಎರಡನೇ ಸಲ ಹುಯ್ಯುವ ಹಾಗಿಲ್ಲ, ಒಬ್ಬರಿಗೆ ಒಂದೇ ಸಲ, ಹುಯ್ಯದೆ ಬಿಟ್ಟರೆ, ಕೇಳೋಣ ಅಂದರೆ ಯಾರನ್ನು, ಅಳಿಯನ ಪುಸ್ತಕದಲ್ಲಿ ಇದಿಲ್ಲ, ಗಂಡನ ಬಾಯಿ ಮಣ್ಣು ಸೇರಿದೆ — ಅಮ್ಮಾ, ಕೊಡು ಕೂಸನ್ನ, ಹೊತ್ತಾಯ್ತು — ಟವಲ್ ಹಿಡಿದು ಬಾಗಿಲಲ್ಲಿ ಜೆಸಿಂತ, ಕೊಡಬೇಕು, ಎತ್ತಿ ಕೊಡಬೇಕು, ಎಷ್ಟುದ್ದ ಇದೆ ಕೂಸು, ತಲೆಯಿಂದ ಹಿಮ್ಮಡಿಯವರೆಗೆ, ಅಲ್ಲಿಂದ ಕಣ್ಣು ಕೀಳಲಾರಳು, ಮೊಣಕೈ, ಬೆರಳ ತುದಿ, ಮಣ್ಣಿನ ಮೇಲೆ ಒತ್ತಿದ ಕೈ, ಒಂದು ಮೊಳ ಸಾಕು, ಒಂದು ಮೊಳ