ಕುಶಲನ ಸರಾಸರಿ

೧೯೮೩ರ ಫೈನಲ್. ಕೊಲ್ಲಿ ನಾಡಿನ ಮನಾಮದಲ್ಲಿದ್ದ ನಮ್ಮ ಕಬಡ್ಡಿ ತಂಡಕ್ಕೆ ಕೊನೆಯ ದಾಳಿಯಲ್ಲಿ ಒಂದು ಅಂಕ ಬೇಕಿತ್ತು. ಅಂಕಣದಲ್ಲಿ ಇಬ್ಬರು ಉಳಿದಿದ್ದರು: ಹದಿನೈದು ವರ್ಷ ಆಡಿ ಹೊಟ್ಟೆ ಬೆಳೆಸಿದ್ದ ಕುಶಲ ಮತ್ತು ಈ ವರ್ಷವಷ್ಟೇ ಸೇರಿ ಎಲ್ಲರನ್ನೂ ಕಂಗೆಡಿಸಿದ್ದ ಗುರುವಪ್ಪ.

“ಕುಶಲ ಹೋಗಲಿ,” ಎಂದರು ಸಂಘದ ಕಾರ್ಯದರ್ಶಿ, ಬ್ಯಾಂಕಿನ ಹರಿನಾಥರು. “ಇಷ್ಟು ವರ್ಷಗಳ ಸರಾಸರಿ ಪಂದ್ಯಕ್ಕೆ ಹನ್ನೊಂದು ಅಂಕ. ಗುರುವಪ್ಪನದು ಒಂಬತ್ತೇ.”

“ಆ ಹನ್ನೊಂದು ಊರಲ್ಲಿದ್ದಾಗಿನದ್ದು ಮಾರಾಯ್ರೆ,” ಎಂದ ನಾಯಕ ಚನಿಯ. “ಈಗ ಇಲ್ಲಿ ಗುಫೂಲ್ ಬಡಾವಣೆಯ ತನ್ನ ಮನೆಯ ಮೆಟ್ಟಿಲು ಹತ್ತಿದರೇ ಅವನಿಗೆ ಏದುಸಿರು.”

“ಲೆಕ್ಕ ನೋಡಬೇಕು ಚನಿಯ, ಹೊಟ್ಟೆಯನ್ನಲ್ಲ.”

ಕುಶಲ ಹೋದ. ಎದುರಾಳಿಗಳು ಅವನಿಗೆ ಕೈ ಹಾಕಬೇಕಾಗಿಯೂ ಬರಲಿಲ್ಲ. ಯಾರನ್ನೂ ಮುಟ್ಟುವ ಮೊದಲೇ ಉಸಿರು ಕಡಿದು ಔಟಾದ. ಕಪ್ ಕೈತಪ್ಪಿತು.

ಹರಿನಾಥರು ಮತ್ತೊಮ್ಮೆ ಭಾಗಿಸಿ ನೋಡಿ ಸಮಾಧಾನಪಟ್ಟರು.

“ಸರಾಸರಿಗೆ ಏನೂ ಆಗಿಲ್ಲ. ಬರುವ ವರ್ಷವೂ ಅವನೇ.”