ಕೊನೆಯ ಕಲ್ಲಿಡುವ ಮುಂಚೆ

ಕೋಟೆಗೋಡೆ ಹೊರಗಿನಿಂದ ಎಷ್ಟೇ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ಎರಡು ಗೋಡೆ, ನಡುವೆ ಹಿಂದೆ ಕಾವಲಿನವರು ಓಡಾಡುತ್ತಿದ್ದ ಕತ್ತಲ ಓಣಿ. ಹಾಗಾಗಿ ಅದನ್ನು ರಿಪೇರಿ ಮಾಡುವ ಮನೆತನದಲ್ಲಿ ಒಂದು ಕಟ್ಟಳೆ: ಕೊನೆಯ ಕಲ್ಲಿಡುವ ಮುಂಚೆ ಕಿಂಡಿಗೆ ಬಾಯಿಟ್ಟು "ಯಾರಾದರೂ ಇದ್ದೀರಾ?" ಎಂದು ಕೂಗಬೇಕು. ಉತ್ತರ ಬಂದರೆ ಕಲ್ಲಿಡುವಂತಿಲ್ಲ.

ಆ ಮನೆಯ ಸೊಸೆ ಈಗ ಗಾರೆ ಕಲಸುವುದಷ್ಟೇ ಅಲ್ಲ, ಕಲ್ಲೂ ಕೂರಿಸುತ್ತಾಳೆ. ಮಾವನಿಗೆ ಕೈ ನಡುಕ. ಗಂಡ ಇಲ್ಲ. ಮದುವೆಯಾದ ವರ್ಷವೇ, ಇದೇ ಗೋಡೆಯ ಕೆಲಸ ನಡೆಯುತ್ತಿದ್ದಾಗ, ಹೇಳದೆ ಕೇಳದೆ ಹೊರಟುಹೋದ. ಮಾವ ಹೇಳಿದ್ದು ಅದೇ, ಊರು ಹೇಳಿದ್ದೂ ಅದೇ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಹೆಂಡತಿಯಲ್ಲೇ ಏನೋ ಕೊರತೆ ಎಂದರು. ಅವಳೂ ಕನ್ನಡಿಯ ಮುಂದೆ ನಿಂತು ಆ ಕೊರತೆಯನ್ನು ಹುಡುಕಿದ್ದುಂಟು.

ಅವನು ಶುದ್ಧ ಸೋಮಾರಿ, ಅದೇನೂ ಸುಳ್ಳಲ್ಲ. ತಂಪು ಸಿಕ್ಕಲ್ಲಿ ಮಲಗುತ್ತಿದ್ದ. ಕರೆದರೆ "ತಾಳು, ಬಂದೆ" ಎಂದು ಮಗ್ಗುಲು ಬದಲಿಸುತ್ತಿದ್ದ. ಆ ಮಾತು ನಂಬಿ ಊಟಕ್ಕೆ ಕಾದವರು ಹಸಿದೇ ಕೂರಬೇಕಿತ್ತು.

ಈ ಸಲ ಗೋಡೆ ಆ ವರ್ಷ ರಿಪೇರಿ ಮಾಡಿದ್ದ ಜಾಗದಲ್ಲೇ ಉಬ್ಬಿಕೊಂಡಿತ್ತು. ಮಾವ ಬೇಡವೆಂದ, ಜ್ವರವೆಂದ, ಕೊನೆಗೆ ಬಂದು ಗೋಡೆಗೆ ಬೆನ್ನು ಹಾಕಿ ಕೂತ. ಅವಳೇ ಸಡಿಲ ಕಲ್ಲು ಕಿತ್ತಳು. ಓಣಿಯೊಳಗೆ ಕುಸಿದ ಕಲ್ಲುಮಣ್ಣು ಬಿಟ್ಟರೆ ಏನೂ ಕಾಣಲಿಲ್ಲ. ಹೊಸದಾಗಿ ಕಟ್ಟುತ್ತಾ ಬಂದು, ಮಧ್ಯಾಹ್ನದ ಹೊತ್ತಿಗೆ ತಲೆ ತೂರುವಷ್ಟು ಕಿಂಡಿ ಉಳಿಯಿತು. ಬಗ್ಗಿ ಕೂಗಿದಳು.

"ಯಾರಾದರೂ ಇದ್ದೀರಾ?"

ಒಳಗಿನಿಂದ ತಣ್ಣನೆಯ ಗಾಳಿ ಬಂತು. ಆಮೇಲೆ ನಿದ್ದೆಗಣ್ಣಿನವನ ದನಿ: "ತಾಳು, ಬಂದೆ."

ಅವಳು ಕಿಂಡಿಯಿಂದ ತಲೆ ಹೊರಗೆಳೆದುಕೊಂಡಳು. "ಮಾವ, ಅವರ ದನಿ. ಬಂದೆ ಅಂದ್ರು."

ಮುದುಕ ತಿರುಗಲಿಲ್ಲ. "ಅವತ್ತೂ ಒಳಗೆ ಮಲಗಿದ್ದೋನು ಹಾಗೇ ಅಂದ. ಮಳೆ ಬರೋ ಹಾಗಿತ್ತು. ಇವನು ಕರೆದಾಗ ಯಾವತ್ತು ಬಂದಿದ್ದಾನೆ, ಎದ್ದು ಓಣಿಯ ಆ ಕಡೆ ಬಾಗಿಲಿಂದ ಹೋಗ್ತಾನೆ ಅಂದ್ಕೊಂಡು ಕಲ್ಲಿಟ್ಟೆ. ರಾತ್ರಿ ಮಳೆಗೆ ಓಣಿ ಆ ಕಡೆ ಕುಸೀತು, ಬಾಗಿಲೂ ಮುಚ್ಚಿಹೋಯ್ತು. ಬೆಳಿಗ್ಗೆ ನಿನ್ನ ಮುಖ ನೋಡಿ ಹೇಗಮ್ಮ ಹೇಳಲಿ?"

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅಳುವೂ ಅಲ್ಲ. ಅವನು ತನ್ನನ್ನು ಬಿಟ್ಟುಹೋಗಿರಲಿಲ್ಲ ಎಂಬ ಸಂತೋಷ. ಆ ಸಂತೋಷ ಕಂಡು ಅವಳಿಗೇ ಹೆದರಿಕೆಯಾಯಿತು.

ಕೊನೆಯ ಕಲ್ಲನ್ನು ಪಕ್ಕಕ್ಕಿಟ್ಟು ಹಾರೆ ಎತ್ತಿಕೊಂಡಳು. ಬೆಳಗಿನಿಂದ ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಕೀಳತೊಡಗಿದಳು.

"ನೀವು ಏಳಬೇಡಿ," ಎಂದಳು ಕಿಂಡಿಯೊಳಕ್ಕೆ. "ನಾನೇ ಬರ್ತೀನಿ."